ಖಾಲಿ ಕುರ್ಚಿಯ ಸಾಕ್ಷ್ಯ

ನಾಟಕಕ್ಕೆ ಜನ ಬರದಿದ್ದರೆ ಊರಿನ ಅಭಿರುಚಿ ಕೆಟ್ಟಿತು ಎನ್ನುತ್ತೇವೆ. ಪುಸ್ತಕ ಖರ್ಚಾಗದಿದ್ದರೆ ಓದುವವರೇ ಇಲ್ಲ ಎನ್ನುತ್ತೇವೆ. ಬಾರದವರು ತಮ್ಮ ಕಾರಣ ಹೇಳಲು ಅಲ್ಲಿರುವುದಿಲ್ಲವಾದ್ದರಿಂದ ಅವರ ಪರವಾಗಿ ನಾವೇ ಒಂದು ಕಾರಣ ಹೇಳಿಬಿಡುತ್ತೇವೆ. ಇದು ನ್ಯಾಯವೇ? ಈ ಪ್ರಶ್ನೆ ನನ್ನನ್ನು ಕಾಡಿದ್ದು ಅಮೆರಿಕದ ಬೇಸ್‌ಬಾಲ್ ಕುರಿತು ಓದುವಾಗ.

ಐಪಿಎಲ್ ತಂಡವೊಂದು ತವರಿನಲ್ಲಿ ಆಡುವುದು ಸಾಮಾನ್ಯವಾಗಿ 7 ಲೀಗ್ ಪಂದ್ಯ. ಬೇಸ್‌ಬಾಲ್ ತಂಡ ಒಂದೇ ಋತುವಿನಲ್ಲಿ ತವರಿನಲ್ಲೇ 81 ಪಂದ್ಯ ಆಡುತ್ತದೆ. ಮಂಗಳವಾರ ಸಂಜೆಯೂ ಕುರ್ಚಿ ತುಂಬಬೇಕೆಂದರೆ ಉತ್ಸಾಹವೊಂದೇ ಸಾಲದು, ಮೈದಾನಕ್ಕೆ ಹೋಗುವುದು ಅಭ್ಯಾಸವಾಗಬೇಕು. ಫ್ಲಾರಿಡಾದ ಟ್ಯಾಂಪಾ ಬೇ ರೇಸ್ ತಂಡ 2008 ಮತ್ತು 2020ರಲ್ಲಿ ವಿಶ್ವ ಸರಣಿಯ ಫೈನಲ್ ತಲುಪಿತು. ಆದರೂ ಅದರ ಕ್ರೀಡಾಂಗಣ ತುಂಬುತ್ತಿರಲಿಲ್ಲ. ಕ್ರೀಡಾಂಗಣವಿರುವುದು ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ. ಟ್ಯಾಂಪಾದ ಜನ ಕೆಲಸ ಮುಗಿಸಿ, ಕೊಲ್ಲಿಯ ಸೇತುವೆ ದಾಟಿ ಅಲ್ಲಿಗೆ ಹೋಗಬೇಕು. ಅಲ್ಲಿನ ಖಾಲಿ ಕುರ್ಚಿಗೆ ದೂರವೂ ಒಂದು ಕಾರಣ.

ಓಕ್ಲೆಂಡ್‌ನ ಕಥೆ ಬೇರೆ. 1968ರಲ್ಲಿ ಆ ಊರಿಗೆ ಬಂದ ಅಥ್ಲೆಟಿಕ್ಸ್ ತಂಡ 1972ರಿಂದ ಸತತ ಮೂರು ವರ್ಷ ಚಾಂಪಿಯನ್ ಆಯಿತು. ಆಮೇಲೆ ತಾರೆಯರು ಒಬ್ಬೊಬ್ಬರಾಗಿ ಬೇರೆ ತಂಡಗಳ ಪಾಲಾದರು. 1979ರಲ್ಲಿ ತಂಡ 108 ಪಂದ್ಯ ಸೋತಿತು. ಆ ಇಡೀ ವರ್ಷ ಬಂದವರು ಸುಮಾರು 3 ಲಕ್ಷ ಜನ. 1980ರಲ್ಲಿ ಹಾಸ್ ಕುಟುಂಬ ತಂಡವನ್ನು ಕೊಂಡು ಮತ್ತೆ ಕಟ್ಟಿತು. 1990ರಲ್ಲಿ ಬಂದವರು 29 ಲಕ್ಷ. ಊರು ಅದೇ, ಕ್ರೀಡಾಂಗಣವೂ ಅದೇ. ಹನ್ನೊಂದು ವರ್ಷಗಳಲ್ಲಿ ಊರಿನ ನಿಷ್ಠೆ ಹತ್ತು ಪಟ್ಟು ಬೆಳೆಯಿತೆಂದು ನಂಬುವುದು ಕಷ್ಟ. ಬದಲಾದದ್ದು ಮುಖ್ಯವಾಗಿ ಆ ನಿಷ್ಠೆಗೆ ಸಿಕ್ಕ ಉತ್ತರ.

ಮುಂದೆ ಇದೇ ಕಥೆ ಹಿಮ್ಮುಖವಾಗಿ ನಡೆಯಿತು. ಒಳ್ಳೆಯ ಆಟಗಾರರು ಮತ್ತೆ ಹೊರಹೋದರು, ಕ್ರೀಡಾಂಗಣ ಹಳತಾಯಿತು, ತಂಡ ಲಾಸ್ ವೇಗಸ್‌ನತ್ತ ಮುಖ ಮಾಡಿತು. 2023ರಲ್ಲಿ ಬಂದವರು ಸುಮಾರು 8.3 ಲಕ್ಷ ಮಾತ್ರ. ಊರಿಗೆ ತಂಡ ಬೇಡವಾಗಿದೆ ಎಂದು ವಾದಿಸಲು ಅಂಕಿ ಸಿದ್ಧವಾಗಿತ್ತು.

ಆಗ ಅಭಿಮಾನಿಗಳು ವಿಚಿತ್ರವಾದ ಪ್ರತಿಭಟನೆ ಮಾಡಿದರು. ಜೂನ್ 13, 2023ರ ಮಂಗಳವಾರ 27,759 ಮಂದಿ ಕ್ರೀಡಾಂಗಣಕ್ಕೆ ಬಂದು ‘ತಂಡ ಮಾರಿ’ ಎಂದು ಮಾಲೀಕರಿಗೆ ಕೂಗಿ ಹೇಳಿದರು. ಅದನ್ನು ‘ಹಿಮ್ಮುಖ ಬಹಿಷ್ಕಾರ’ ಎಂದು ಕರೆದರು. ಬಾರದಿರುವುದು ಪ್ರತಿಭಟನೆಯೆಂದು ಯಾರೂ ಓದದೇ ಇದ್ದಾಗ, ಬರುವುದನ್ನೇ ಪ್ರತಿಭಟನೆಯಾಗಿಸಬೇಕಾಯಿತು.

ನನಗೆ ಮುಖ್ಯವೆನಿಸುವುದು ಇದೇ. ಮೌನ ತನ್ನಷ್ಟಕ್ಕೆ ಏನನ್ನೂ ಹೇಳುವುದಿಲ್ಲ. ದೂರದಿಂದ ಬಾರದವರು, ದುಡ್ಡಿಲ್ಲದೆ ಬಾರದವರು, ನೊಂದು ಬಾರದವರು, ಸುಮ್ಮನೆ ಆಸಕ್ತಿಯಿಲ್ಲದವರು, ಎಲ್ಲರೂ ಲೆಕ್ಕದಲ್ಲಿ ಒಂದೇ ಬಗೆಯ ಖಾಲಿ ಕುರ್ಚಿ. ಆ ಕುರ್ಚಿಗೆ ಅರ್ಥ ಕೊಡುವವನು ಲೆಕ್ಕ ಇಟ್ಟವನು. ಅವನಿಗೆ ತನ್ನದೇ ಲಾಭವಿದ್ದರೆ ಅವನ ಅರ್ಥವನ್ನು ಅನುಮಾನದಿಂದಲೇ ನೋಡಬೇಕು.

ನಷ್ಟದಲ್ಲಿ ನಡೆಸುವ ಹೊಣೆ ಮಾಲೀಕರಿಗಿಲ್ಲ, ತಂಡವೂ ಒಂದು ವ್ಯಾಪಾರವಲ್ಲವೇ ಎಂದು ಕೇಳಬಹುದು. ಒಪ್ಪೋಣ. ಆದರೆ ವ್ಯಾಪಾರವೆಂದ ಮೇಲೆ ಬಾರದವನು ಗಿರಾಕಿ, ದ್ರೋಹಿಯಲ್ಲ. ಟಿಕೆಟ್ ಮಾರುವಾಗ ‘ನಮ್ಮ ಊರು, ನಮ್ಮ ತಂಡ’ ಎಂದು ಪ್ರೀತಿಯ ಭಾಷೆ ಆಡಿ, ಹೊರಡುವಾಗ ಲೆಕ್ಕದ ಭಾಷೆ ಆಡುವುದರಲ್ಲಿ ಮೋಸವಿದೆ. ನಿಷ್ಠೆ ಕೇಳುವವರಿಗೆ ನಿಷ್ಠೆಯ ಸಾಲವೂ ಇರುತ್ತದೆ.

ಸೆಪ್ಟೆಂಬರ್ 26, 2024ರಂದು ಓಕ್ಲೆಂಡ್‌ನಲ್ಲಿ ನಡೆದ ಕೊನೆಯ ಪಂದ್ಯಕ್ಕೆ 46 ಸಾವಿರಕ್ಕೂ ಹೆಚ್ಚು ಜನ ಬಂದರು. ತಂಡ ಗೆದ್ದಿತು, ಆಮೇಲೆ ಊರು ಬಿಟ್ಟಿತು. ಇವರೆಲ್ಲ ಇಷ್ಟು ದಿನ ಎಲ್ಲಿದ್ದರು ಎಂದು ಕೇಳುವುದು ಸುಲಭ. ಅವರು ಯಾಕೆ ದೂರ ಉಳಿದರು ಎಂದು ಸಮಯವಿದ್ದಾಗಲೇ ಕೇಳಬೇಕಿತ್ತು.