ಹಳೆ ಟೈರಿನ ಎಣ್ಣೆ ಮತ್ತು ಕಾಯಕದ ನೀತಿ

ಸವೆದ ಟೈರಿನಿಂದ ಎಣ್ಣೆ ತೆಗೆಯುವ ದುಡಿಮೆ ಕಾಯಕ ಎನಿಸಿಕೊಳ್ಳುತ್ತದೆಯೇ? ಬಸವಕಲ್ಯಾಣ, ಹುಮನಾಬಾದ್ ಸೀಮೆಗೆ ಈ ಪ್ರಶ್ನೆ ದೂರದ್ದಲ್ಲ. ಸೊಲ್ಲಾಪುರ, ಹೈದರಾಬಾದ್‌ಗಳನ್ನು ಕೂಡಿಸುವ ರಾಷ್ಟ್ರೀಯ ಹೆದ್ದಾರಿ 65 ಇಲ್ಲಿಂದಲೇ ಹಾಯುತ್ತದೆ. ಲಾರಿ ಓಡುವಲ್ಲಿ ಟೈರು ಸವೆಯುತ್ತದೆ. ದುಡಿಮೆಯನ್ನೇ ಧರ್ಮವಾಗಿಸಿದ 12ನೇ ಶತಮಾನದ ಶರಣರ ಕಲ್ಯಾಣವೂ ಇದೇ ನೆಲ.

ಟೈರಿನ ರಬ್ಬರನ್ನು ಕರಗಿಸಿ ಮತ್ತೆ ಎರಕ ಹೊಯ್ಯಲಾಗದು. ಗಂಧಕ ಬೆರೆಸಿ ಕಾಯಿಸಿದಾಗಲೇ ಅದರ ಅಣುಗಳ ಸರಪಳಿಗಳು ಒಂದಕ್ಕೊಂದು ಬಿಗಿದುಕೊಂಡಿರುತ್ತವೆ. ಬಯಲಲ್ಲಿ ಸುಟ್ಟರೆ ವಿಷದ ಹೊಗೆ. ಬಿಸಾಡಿದರೆ ಮಳೆನೀರು ನಿಂತು ಸೊಳ್ಳೆ. ಪೈರೋಲಿಸಿಸ್ ವಿಧಾನದಲ್ಲಿ ಟೈರನ್ನು ಗಾಳಿಯಾಡದ ಉಕ್ಕಿನ ಪಾತ್ರೆಯಲ್ಲಿಟ್ಟು ಸುಮಾರು 400ರಿಂದ 600 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸುತ್ತಾರೆ. ಆಮ್ಲಜನಕವಿಲ್ಲದ್ದರಿಂದ ರಬ್ಬರು ಉರಿಯದೆ ಒಡೆದು ಆವಿಯಾಗುತ್ತದೆ. ಆವಿ ತಣಿದು ಎಣ್ಣೆಯಾಗುತ್ತದೆ. ಟೈರಿನ ತೂಕದಲ್ಲಿ ಸುಮಾರು ಶೇ 40ರಷ್ಟು ಎಣ್ಣೆ, ಮೂರನೇ ಒಂದು ಭಾಗದಷ್ಟು ಇಂಗಾಲದ ಕರಿಪುಡಿ, ಉಳಿದದ್ದು ಉಕ್ಕಿನ ತಂತಿ ಮತ್ತು ಅನಿಲ. ಎಣ್ಣೆ ಕುಲುಮೆಗೆ, ತಂತಿ ಗುಜರಿಗೆ, ಅನಿಲ ಅದೇ ಪಾತ್ರೆಯ ಒಲೆಗೆ ಹೋಗುತ್ತದೆ.

ಕೈ ಕಪ್ಪಾಗುವ ಕೆಲಸವೆಂದು ಶರಣರು ಇದನ್ನು ತಳ್ಳುತ್ತಿರಲಿಲ್ಲ. ಚರ್ಮ ಹದ ಮಾಡುವ ಡೋಹರ ಕಕ್ಕಯ್ಯ, ಮೈಲಿಗೆ ಬಟ್ಟೆ ಒಗೆಯುವ ಮಡಿವಾಳ ಮಾಚಯ್ಯ, ಕಸ ಗುಡಿಸುವ ಸತ್ಯಕ್ಕ ಅವರ ನಡುವೆ ಗೌರವದಿಂದ ಬಾಳಿದವರು. ಮೈಲಿಗೆ ಕೆಲಸದ ವಸ್ತುವಿನಲ್ಲಿಲ್ಲ, ಮಾಡುವ ಬಗೆಯಲ್ಲಿದೆ ಎಂಬುದು ಅವರ ಬದುಕು ತೋರಿದ ನಿಲುವು. ಬಿದ್ದ ಅಕ್ಕಿ ಆಯ್ದು ತರುತ್ತಿದ್ದ ಮಾರಯ್ಯ ಒಂದು ದಿನ ಅಗತ್ಯಕ್ಕಿಂತ ಹೆಚ್ಚು ತಂದಾಗ, ಹೆಂಡತಿ ಲಕ್ಕಮ್ಮ ಅದನ್ನು ಹಿಂದಿರುಗಿಸಲು ಹೇಳಿದಳೆಂಬ ಕಥೆಯಿದೆ. ಬಿದ್ದದ್ದನ್ನು ಆಯುವ ಕಾಯಕಕ್ಕೂ ಮಿತಿಯಿದೆ.

ಎಣ್ಣೆ ಘಟಕದಲ್ಲಿ ಆ ಮಿತಿ ಪಾತ್ರೆಯ ಬಾಗಿಲು ತೆರೆಯುವ ಗಳಿಗೆಯಲ್ಲಿ ಪರೀಕ್ಷೆಗೊಳಗಾಗುತ್ತದೆ. ಹೆಚ್ಚು ಗಳಿಸುವ ಆತುರದಲ್ಲಿ ಪೂರ್ತಿ ತಣಿಯುವ ಮೊದಲೇ ತೆರೆದರೆ ಒಳಗಿನ ಅನಿಲ, ಬಿಸಿ ಪುಡಿ ಹೊತ್ತಿಕೊಳ್ಳಬಹುದು. ತಣಿದ ಮೇಲೂ ಪುಡಿಯನ್ನು ಸಲಿಕೆಯಿಂದ ಎಳೆದರೆ ಅದು ಕಾರ್ಮಿಕನ ಮೂಗು, ಕಣ್ಣು, ಎದೆಗೆ ಇಳಿದು, ಗಾಳಿಯಲ್ಲಿ ಪಕ್ಕದ ಹೊಲದ ತೊಗರಿಯ ಮೇಲೂ ಕೂರುತ್ತದೆ. ಎಣ್ಣೆಯಲ್ಲಿ ಗಂಧಕ ಉಳಿದಿರುವುದರಿಂದ ಅದನ್ನು ಉರಿಸಿದಾಗಲೂ ಹೊಗೆ ಶುದ್ಧವಲ್ಲ. ಪುಡಿಯನ್ನು ಮುಚ್ಚಿದ ಕೊಳವೆಯಲ್ಲಿ ಸಾಗಿಸಿ, ಹೊಗೆಯನ್ನು ತೊಳೆದು ಬಿಟ್ಟರೆ ಹಾನಿ ತಗ್ಗುತ್ತದೆ, ಖರ್ಚು ಏರುತ್ತದೆ. ಹೊಣೆ ಘಟಕದವರದಷ್ಟೇ ಅಲ್ಲ; ಅಪಾಯಕಾರಿ ತ್ಯಾಜ್ಯದ ಕುರಿತ 2022ರ ತಿದ್ದುಪಡಿ ನಿಯಮಗಳು ಟೈರು ತಯಾರಕರಿಗೂ ಆಮದುದಾರರಿಗೂ ಹಳೆ ಟೈರಿನ ಹೊಣೆ ಹೊರಿಸಿವೆ.

ದುಡಿದದ್ದು ಸಮಾಜಕ್ಕೆ ಸಲ್ಲಬೇಕೆಂಬುದು ದಾಸೋಹದ ತತ್ತ್ವ. ಲಾಭ ಒಬ್ಬರಿಗೆ, ಕೆಮ್ಮು ಊರಿಗೆ ಆದರೆ ಆ ತತ್ತ್ವ ತಲೆಕೆಳಗಾಗುತ್ತದೆ. ಕಸವನ್ನು ಬಳಕೆಗೆ ತಂದ ಮಾತ್ರಕ್ಕೆ ಕೆಲಸ ಕಾಯಕವಾಗದು. ದುಡಿಯುವವನ ಉಸಿರನ್ನೂ ನೆರೆಯವರ ಹೊಲವನ್ನೂ ಕಾಯುವ ಖರ್ಚನ್ನು ಲಾಭಕ್ಕಿಂತ ಮೊದಲು ತೆತ್ತಾಗ ಆಗುತ್ತದೆ.