ಮೇಲೇಳದ ಕೈ

ಮೌನಂ ಸಮ್ಮತಿ ಲಕ್ಷಣಂ ಎಂಬ ಮಾತು ನಮ್ಮಲ್ಲಿ ಎಷ್ಟು ಸಲೀಸಾಗಿ ಓಡಾಡುತ್ತದೆಂದರೆ, ಅದು ನಿಜವೇ ಎಂದು ಯಾರೂ ತಡೆದು ಕೇಳುವುದಿಲ್ಲ. ಹೆಣ್ಣು ನೋಡುವ ಶಾಸ್ತ್ರದಲ್ಲಿ ಹುಡುಗಿ ತಲೆ ತಗ್ಗಿಸಿ ಕೂತರೆ ಒಪ್ಪಿಗೆ. ಸಭೆಯಲ್ಲಿ ಯಾರೂ ಎದ್ದು ನಿಲ್ಲದಿದ್ದರೆ ಠರಾವು ಪಾಸು. ಹಾಸಿಗೆ ಹಿಡಿದ ಹಿರಿಯರು ನರಳದಿದ್ದರೆ ನೋವು ಇಳಿದಿದೆ. ಏನೂ ಕೇಳಿಸದಿದ್ದರೆ ಎಲ್ಲ ಸರಿಯಿದೆ ಎಂಬ ಈ ಊಹೆಯನ್ನು ತಲೆಕೆಳಗು ಮಾಡಿದ ಒಂದು ಪದ್ಧತಿ ಇದೆ. ಅದು ಹುಟ್ಟಿದ್ದು ಯಾವ ದರ್ಶನದ ಗ್ರಂಥದಲ್ಲೂ ಅಲ್ಲ. ಮೋಟಾರು ದೋಣಿಯ ಹಿಂದೆ ಹಗ್ಗ ಹಿಡಿದು ನೀರಿನ ಮೇಲೆ ಜಾರುವ ವಾಟರ್ ಸ್ಕೀಯಿಂಗ್ ಆಟದಲ್ಲಿ. ಅಲ್ಲಿ ನೀರಿಗೆ ಬಿದ್ದವರು ಕೈ ಎತ್ತಿ ತೋರಿಸಿದರೆ ಕ್ಷೇಮ. ಕೈ ಏಳದಿದ್ದರೆ ಅಪಾಯ ಎಂದೇ ಲೆಕ್ಕ. ಮೌನವನ್ನು ಹೇಗೆ ಓದಬೇಕು, ಮಾತಾಡುವ ಹೊರೆ ಯಾರ ಮೇಲಿರಬೇಕು ಎಂಬ ಹಳೆಯ ಪ್ರಶ್ನೆಗಳಿಗೆ ಈ ಪುಟ್ಟ ನಿಯಮ ನಮ್ಮ ಗಾದೆಗಿಂತ ಸರಿಯಾದ ಉತ್ತರ ಕೊಡುತ್ತದೆ ಎಂಬುದು ನನ್ನ ವಾದ.

1922ರ ಜುಲೈ 2ರಂದು ಅಮೆರಿಕದ ಮಿನ್ನೆಸೋಟಾ ರಾಜ್ಯದ ಲೇಕ್ ಸಿಟಿಯಲ್ಲಿ ರಾಲ್ಫ್ ಸ್ಯಾಮ್ಯುಯೆಲ್ಸನ್ ಎಂಬ 18ರ ಹುಡುಗ ಮರದ ಹಲಗೆಗಳನ್ನು ಕಾಲಿಗೆ ಸಿಕ್ಕಿಸಿಕೊಂಡು, ಸಹೋದರ ಬೆನ್ ನಡೆಸುತ್ತಿದ್ದ ದೋಣಿಯ ಹಿಂದೆ ಪೆಪಿನ್ ಸರೋವರದ ಮೇಲೆ ನಿಂತು ಜಾರಿದ. ಈ ಆಟದ ಚರಿತ್ರೆ ಶುರುವಾಗುವುದು ಅಲ್ಲಿಂದ. ಅಂದಿನಿಂದ ಇಂದಿನವರೆಗೆ ಅದರ ಮೂಲ ಸ್ಥಿತಿ ಬದಲಾಗಿಲ್ಲ: ಇಬ್ಬರನ್ನು ಒಂದು ಹಗ್ಗ ಬೆಸೆದಿದೆ, ಆದರೆ ಒಬ್ಬರ ಮಾತು ಇನ್ನೊಬ್ಬರಿಗೆ ಕೇಳಿಸದು. ಸಾಮಾನ್ಯವಾಗಿ ಬಳಸುವ ಹಗ್ಗ 75 ಅಡಿ, ಅಂದರೆ ಸುಮಾರು 23 ಮೀಟರ್ ಉದ್ದ. ನಡುವೆ ಎಂಜಿನ್ನಿನ ಅಬ್ಬರ, ಗಾಳಿ, ಎರಚುವ ನೀರು. ಗಂಟೆಗೆ 50 ಕಿಲೋಮೀಟರ್ ವೇಗದ ದೋಣಿ ಸೆಕೆಂಡಿಗೆ ಸುಮಾರು 14 ಮೀಟರ್ ಓಡುತ್ತದೆ. ಚಾಲಕ ಮೂರು ಸೆಕೆಂಡು ಹಿಂದಿರುಗಿ ನೋಡಿದರೆ 40 ಮೀಟರಿಗೂ ಹೆಚ್ಚು ದೂರ ಕಣ್ಣು ಕಟ್ಟಿಕೊಂಡು ಓಡಿದಂತೆ. ಅದಕ್ಕೇ ಚಾಲಕರ ಜೊತೆಗೆ, ಹಿಂದಕ್ಕೆ ಮುಖ ಮಾಡಿ ಕೂತು ಸ್ಕೀ ಮಾಡುವವರನ್ನೇ ನೋಡುತ್ತಿರಲು ಇನ್ನೊಬ್ಬ ವೀಕ್ಷಕರು ಬೇಕು. ಸ್ಕೀ ಮಾಡುವವರು ಹೆಬ್ಬೆರಳು ಮೇಲೆತ್ತಿದರೆ ವೇಗ ಹೆಚ್ಚಿಸಿ ಎಂದರ್ಥ, ಕೆಳಗಿಳಿಸಿದರೆ ತಗ್ಗಿಸಿ, ಹೆಬ್ಬೆರಳು ತೋರುಬೆರಳು ಕೂಡಿಸಿ ಉಂಗುರ ಮಾಡಿದರೆ ಇದೇ ವೇಗ ಇರಲಿ, ಅಂಗೈಯನ್ನು ಕತ್ತಿನ ಅಡ್ಡಕ್ಕೆ ಎಳೆದರೆ ಎಂಜಿನ್ ನಿಲ್ಲಿಸಿ, ನೆತ್ತಿ ತಟ್ಟಿಕೊಂಡರೆ ದಡಕ್ಕೆ ಹೋಗೋಣ.

ಈ ಸನ್ನೆಗಳಿಗೆ ಅರ್ಥ ಬಂದದ್ದು ಎಲ್ಲಿಂದ? ಶಬ್ದಕ್ಕೂ ಅರ್ಥಕ್ಕೂ ಇರುವ ನಂಟು ಯಾರೂ ಮಾಡಿದ್ದಲ್ಲ, ಅದು ನಿತ್ಯವಾದದ್ದು ಎಂದರು ಮೀಮಾಂಸಕರು. ಇಲ್ಲ, ಈ ಶಬ್ದಕ್ಕೆ ಈ ಅರ್ಥವಿರಲಿ ಎಂಬ ಸಂಕೇತದಿಂದ ಅದು ಬರುತ್ತದೆ ಎಂದರು ನೈಯಾಯಿಕರು. ದೋಣಿಯ ಸನ್ನೆಗಳ ಮಟ್ಟಿಗೆ ನೈಯಾಯಿಕರ ಮಾತೇ ಸಲ್ಲುತ್ತದೆ. ಅದೇ ಹೆಬ್ಬೆರಳನ್ನು ಸ್ಕೂಬಾ ಮುಳುಗುಗಾರರು ನೀರಿನಡಿಯಲ್ಲಿ ಮೇಲೆತ್ತಿದರೆ, ಮುಳುಗು ಮುಗಿಸಿ ಮೇಲಕ್ಕೆ ಹೋಗೋಣ ಎಂದರ್ಥ. ಬೆರಳು ಒಂದೇ, ಅರ್ಥ ಬೇರೆ. ಆದ್ದರಿಂದಲೇ ದಡ ಬಿಡುವ ಮೊದಲು ಮೂವರೂ ಸನ್ನೆಗಳನ್ನು ಒಮ್ಮೆ ಮಾಡಿ ತೋರಿಸಿ ಒಪ್ಪಿಕೊಳ್ಳಬೇಕು ಎನ್ನುವುದು. ಈ ಒಪ್ಪಂದದಲ್ಲಿ ಒಂದು ಕಲಮು ಉಳಿದವುಗಳಂಥದ್ದಲ್ಲ. ಬೇರೆ ಸನ್ನೆಗಳು ಮಾಡಿದಾಗ ಅರ್ಥ ಕೊಡುತ್ತವೆ. ಬಿದ್ದಮೇಲೆ ಕ್ಷೇಮವಾಗಿದ್ದೇನೆ ಎನ್ನುವ ಸನ್ನೆಯಾದರೋ ಮಾಡದಿದ್ದಾಗಲೂ ಅರ್ಥ ಕೊಡುತ್ತದೆ.

ಅದು ಹೇಗೆಂದು ತಿಳಿಯಲು ಕುಮಾರಿಲ ಭಟ್ಟರ ಪರಂಪರೆಯ ಮೀಮಾಂಸಕರು ಅರಿವಿನ ಪ್ರತ್ಯೇಕ ಪ್ರಮಾಣವೆಂದು ಒಪ್ಪಿದ ಅನುಪಲಬ್ಧಿಯ, ಅಂದರೆ ಕಾಣದಿರುವಿಕೆಯ, ಕಡೆ ನೋಡಬೇಕು. ನೆಲದ ಮೇಲೆ ಗಡಿಗೆ ಕಾಣುತ್ತಿಲ್ಲ, ಆದ್ದರಿಂದ ಗಡಿಗೆ ಇಲ್ಲ. ಆದರೆ ಇದಕ್ಕೊಂದು ಕಟ್ಟುಪಾಡುಂಟು: ಇದ್ದಿದ್ದರೆ ಕಂಡೇ ಕಾಣಬೇಕಿತ್ತು ಎನ್ನುವಂಥ ವಸ್ತು ಕಾಣದಿದ್ದಾಗ ಮಾತ್ರ ಅದು ಇಲ್ಲವೆನ್ನಬಹುದು. ಕತ್ತಲಲ್ಲಿ ಗಡಿಗೆ ಕಾಣದಿದ್ದರೆ ಏನೂ ತೀರ್ಮಾನವಾಗದು. ಈಗ ನೀರಿಗೆ ಬಿದ್ದವರ ವಿಷಯಕ್ಕೆ ಬರೋಣ. ಅವರು ಕೂಗಲಿಲ್ಲ, ಆದ್ದರಿಂದ ಅಪಾಯವಿಲ್ಲ ಎನ್ನಬಹುದೇ? ಎನ್ನಲಾಗದು. ನ್ಯೂಯಾರ್ಕಿನ ಆರ್ಚರ್ಡ್ ಬೀಚಿನಲ್ಲಿ ಜೀವರಕ್ಷಕರಾಗಿದ್ದ ಫ್ರಾಂಕ್ ಪಿಯಾ ಮುಳುಗುತ್ತಿರುವವರನ್ನು ಚಿತ್ರೀಕರಿಸಿ ಅಧ್ಯಯನ ಮಾಡಿ ಕಂಡುಕೊಂಡದ್ದು ಇದು: ನಿಜವಾಗಿ ಮುಳುಗುತ್ತಿರುವವರು ಸಾಮಾನ್ಯವಾಗಿ ಕೂಗಲಾರರು, ಕೈ ಬೀಸಲಾರರು. ಉಸಿರಿಗೇ ಎಡೆಯಿಲ್ಲದಾಗ ಮಾತಿಗೆಲ್ಲಿಯ ಎಡೆ? ತೋಳುಗಳು ತಾವಾಗಿ ಪಕ್ಕಕ್ಕೆ ಚಾಚಿ ನೀರನ್ನು ಕೆಳಕ್ಕೆ ಒತ್ತುತ್ತಿರುತ್ತವೆ. ಈ ಸದ್ದಿಲ್ಲದ ಹೋರಾಟ ನಡೆಯುವುದು 20ರಿಂದ 60 ಸೆಕೆಂಡು ಮಾತ್ರ. ಲೈಫ್ ಜಾಕೆಟ್ ತೊಟ್ಟವರು ತೇಲುತ್ತಾರೆ, ನಿಜ. ಆದರೆ ತಲೆಗೆ ಪೆಟ್ಟು ಬಿದ್ದು ಎಚ್ಚರ ತಪ್ಪಿದವರೂ ಹಾಗೆಯೇ ಸುಮ್ಮನೆ ತೇಲುತ್ತಾರೆ. ಹಾಗಾಗಿ ಕೂಗು ಕೇಳದಿರುವುದು ಕತ್ತಲಲ್ಲಿ ಗಡಿಗೆ ಕಾಣದಂತೆ. ಎತ್ತಿದ ಕೈಯ ಸಂಗತಿ ಬೇರೆ. ಕ್ಷೇಮವಾಗಿರುವವರು ಅದನ್ನು ಎತ್ತಬಲ್ಲರು, ಎತ್ತುತ್ತೇನೆಂದು ದಡದಲ್ಲೇ ಒಪ್ಪಿದ್ದಾರೆ, ಎತ್ತಿದರೆ ವೀಕ್ಷಕರಿಗೆ ಕಾಣುತ್ತದೆ. ಇಷ್ಟಾಗಿಯೂ ಕಾಣದಿದ್ದರೆ ಆ ಕಾಣದಿರುವಿಕೆ ಬೆಳಕಿನಲ್ಲಿ ಗಡಿಗೆ ಕಾಣದಂತೆ. ಅದರ ಮೇಲೆ ನಂಬಿಕೆಯಿಟ್ಟು ದೋಣಿ ತಿರುಗಿಸಬಹುದು. ಕಷ್ಟದಲ್ಲಿರುವವರನ್ನು ಮಾತಾಡಿಸುವ ಬದಲು ಕ್ಷೇಮವಾಗಿರುವವರಿಂದ ಮಾತು ಕೇಳುವುದೇ ಈ ನಿಯಮದ ಜಾಣತನ. ಅದರ ಕರುಣೆಯೂ ಅದೇ.

ಇದಕ್ಕೆ ಆಕ್ಷೇಪಗಳಿವೆ. ಕೈ ಎತ್ತಲು ಮರೆತವರಿಗಾಗಿ ಸುಮ್ಮನೆ ಗಾಬರಿಪಡಬೇಕಾಗುತ್ತದಲ್ಲ ಎನ್ನಬಹುದು. ಆಗಲಿ, ಆ ಗಾಬರಿಯ ಬೆಲೆ ಒಂದು ನಿಮಿಷ, ಇನ್ನೊಂದು ತಪ್ಪಿನ ಬೆಲೆ ಒಂದು ಜೀವ. ಎರಡನೆಯ ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು: ಪೆಟ್ಟಿನ ಮಂಪರಿನಲ್ಲೂ ಅಭ್ಯಾಸಬಲದಿಂದ ಕೈ ಏಳಬಹುದು, ನೋವು ನುಂಗಿಕೊಂಡೂ ಎತ್ತಬಹುದು, ಸನ್ನೆ ಸುಳ್ಳಾಗಬಲ್ಲದು. ಒಪ್ಪುತ್ತೇನೆ. ಅದಕ್ಕೇ ಈ ಪದ್ಧತಿ ಸನ್ನೆಯೊಂದನ್ನೇ ನೆಚ್ಚಿ ಕೂರುವುದಿಲ್ಲ. ಬಿದ್ದ ಜಾಗದಲ್ಲಿ ತೆಂಗಿನಕಾಯಿಯಷ್ಟು ತಲೆ ಮಾತ್ರ ನೀರಿನ ಮೇಲೆ ಕಾಣುತ್ತಿರುತ್ತದೆ. ಕೈ ಎದ್ದರೂ ದೋಣಿ ಅಲ್ಲಿಗೆ ಮರಳುತ್ತದೆ, ನಿಧಾನವಾಗಿ, ಬಿದ್ದವರು ಚಾಲಕರ ಮಗ್ಗುಲಲ್ಲೇ ಕಾಣುತ್ತಿರುವಂತೆ. ಹತ್ತಿರ ಬಂದಮೇಲೆ ಎಂಜಿನ್ ಆರಿಸಿ, ಮುಖ ನೋಡಿ, ಮಾತಾಡಿಸುತ್ತಾರೆ. ಕ್ಯಾಲಿಫೋರ್ನಿಯಾದ ಕಾನೂನಂತೂ ಬಿದ್ದವರು ನೀರಿನಲ್ಲಿರುವಾಗ ಕೆಂಪು ಅಥವಾ ಕಿತ್ತಳೆ ಬಾವುಟ ಎತ್ತಿ ಬೇರೆ ದೋಣಿಗಳನ್ನೂ ಎಚ್ಚರಿಸಬೇಕೆನ್ನುತ್ತದೆ. ವೀಕ್ಷಕರಿಗೆ ಕನಿಷ್ಠ 12 ವರ್ಷ ತುಂಬಿರಬೇಕೆನ್ನುತ್ತದೆ. ಸನ್ನೆಯಿಂದ ಭಯ ಕಡಿಮೆಯಾಗುತ್ತದೆ, ಹೊಣೆ ಕಡಿಮೆಯಾಗುವುದಿಲ್ಲ. ಎಂಜಿನ್ ಯಾರ ಕೈಯಲ್ಲಿದೆಯೋ ನೋಡುವ ಹೊಣೆಯೂ ಅವರದೇ.

ಮೂರನೆಯ ಆಕ್ಷೇಪ ನಮ್ಮ ಪರಂಪರೆಯ ಒಳಗಿನಿಂದಲೇ ಬರುತ್ತದೆ. ಮೌನವನ್ನು ಅಪಾಯವೆಂದು ಓದುವುದಾದರೆ, ಮೌನವೇ ಉಪದೇಶವಾದ ದಕ್ಷಿಣಾಮೂರ್ತಿಯ ಗತಿಯೇನು? ಆಲದ ಮರದಡಿ ಹರೆಯದ ಗುರು ಬಾಯಿ ತೆರೆಯದೆ ಕೂತಿದ್ದಾನೆ, ಮುದಿ ಶಿಷ್ಯರ ಸಂಶಯಗಳು ಕರಗುತ್ತಿವೆ. ಆದರೆ ಆ ವಿಗ್ರಹದ ಬಲಗೈ ನೋಡಿ. ಹೆಬ್ಬೆರಳೂ ತೋರುಬೆರಳೂ ಕೂಡಿ ಚಿನ್ಮುದ್ರೆಯಾಗಿದೆ. ಜೀವ ಬ್ರಹ್ಮಗಳ ಐಕ್ಯವನ್ನು ಸೂಚಿಸುವ ಈ ಮುದ್ರೆಗೂ ವೇಗ ಸರಿಯಿದೆ ಎನ್ನುವ ಉಂಗುರಕ್ಕೂ ಆಕಾರವೊಂದು ಬಿಟ್ಟರೆ ಯಾವ ನಂಟೂ ಇಲ್ಲ. ಆದರೂ ವಾದಕ್ಕೆ ಬೇಕಾದದ್ದು ಇಲ್ಲಿ ಸಿಗುತ್ತದೆ. ಮೌನದಲ್ಲಿ ಬೋಧಿಸುವ ಗುರುವೂ ಕೈಯನ್ನು ಸುಮ್ಮನಿಡಲಿಲ್ಲ. ಶಿಷ್ಯರೂ ಅವನಿಗೆ ಎದುರಾಗಿ ಕೂತು ಆ ಕೈಯನ್ನು ನೋಡುತ್ತಿದ್ದಾರೆ. ತುಂಬಿದ ಮೌನ ತನ್ನ ಗುರುತನ್ನು ತಾನೇ ಕೊಡುತ್ತದೆ. ಗುರುತೇ ಇಲ್ಲದ ಮೌನವನ್ನು ತುಂಬಿದ್ದು ಎಂದುಕೊಂಡು ಮುಂದೆ ಸಾಗುವುದು ನೋಡುವವರ ಅನುಕೂಲವೇ ಹೊರತು ಜ್ಞಾನವಲ್ಲ.

ದೋಣಿಯ ಮೇಲೆ ಸಲ್ಲುವ ಮಾತು ದಡದ ಮೇಲೆ ಸಲ್ಲಬೇಕೆಂದೇನಿದೆ ಎಂದು ಕೇಳಬಹುದು. ಎಲ್ಲ ಮೌನಕ್ಕೂ ನಾನು ಇದನ್ನು ಹಚ್ಚುತ್ತಿಲ್ಲ. ಒಬ್ಬರ ಕೈಯಲ್ಲಿ ಬಲವಿದ್ದು, ಇನ್ನೊಬ್ಬರು ಬಾಯಿ ಬಿಡಲಾರದ ಸ್ಥಿತಿಯಲ್ಲಿ ಇರಬಹುದಾದ ಕಡೆಯಲ್ಲೆಲ್ಲ ಇದು ಸಲ್ಲುತ್ತದೆ. ಭಾರತದ ದಂಡಸಂಹಿತೆ 2013ರ ತಿದ್ದುಪಡಿಯಲ್ಲಿ ಇದೇ ದಾರಿ ಹಿಡಿಯಿತು: ಲೈಂಗಿಕ ಸಂಬಂಧಕ್ಕೆ ಹೆಣ್ಣಿನ ಸಮ್ಮತಿ ಮಾತಿನಿಂದಲೋ ಸನ್ನೆಯಿಂದಲೋ ನಿಸ್ಸಂದಿಗ್ಧವಾಗಿ ತಿಳಿದಿರಬೇಕು, ಅವಳು ಮೈಬಲದಿಂದ ಎದುರಿಸಲಿಲ್ಲ ಎಂಬುದೊಂದೇ ಸಮ್ಮತಿಯಾಗದು. ಕಾನೂನು ಒಪ್ಪಿದ್ದನ್ನು ಮನೆ, ತರಗತಿ, ಆಸ್ಪತ್ರೆಯ ವಾರ್ಡುಗಳು ಇನ್ನೂ ಒಪ್ಪಬೇಕಾಗಿದೆ. ತಲೆ ತಗ್ಗಿಸಿ ಕೂತ ಹುಡುಗಿಯನ್ನು ಬಿಡುವಾಗಿ ಕೂರಿಸಿಕೊಂಡು ಕೇಳಬೇಕು. ನರಳದ ಹಿರಿಯರ ಹಾಸಿಗೆಯ ಪಕ್ಕ ಕೂತು ನೋವೆಲ್ಲಿದೆ ಎಂದು ವಿಚಾರಿಸಬೇಕು. ಅವರು ಕರೆಯಲಿಲ್ಲವಲ್ಲ ಎಂಬುದು ಉತ್ತರವಾಗದು. ಕೈ ಕಾಣಲಿಲ್ಲವೆಂದರೆ ದೋಣಿ ತಿರುಗಿಸಬೇಕು.