ನೆರೆಯವರ ಸಾಕ್ಷಿ

ಓದತಕ್ಕ ಭಾಗ: ಅಪೊಸ್ತಲರ ಕೃತ್ಯಗಳು 9ನೆಯ ಅಧ್ಯಾಯ, 36ರಿಂದ 42ನೆಯ ವಚನದ ವರೆಗೆ.



ಯೊಪ್ಪವೆಂಬ ಕಡಲತೀರದ ಊರಲ್ಲಿ ತಬಿಥಾ ಎಂಬ ಒಬ್ಬ ಶಿಷ್ಯಳಿದ್ದಳು; ಗ್ರೀಕರ ಮಾತಿನಲ್ಲಿ ಅವಳಿಗೆ ದೊರ್ಕ ಎಂದು ಹೆಸರು. ಅವಳು ರೋಗದಲ್ಲಿ ಬಿದ್ದು ತೀರಿಹೋದಾಗ ವಿಶ್ವಾಸಿಗಳು ಅವಳನ್ನು ಮೇಲಂತಸ್ತಿನ ಕೋಣೆಯಲ್ಲಿ ಮಲಗಿಸಿ, ಸಮೀಪದ ಲುದ್ದದಲ್ಲಿದ್ದ ಪೇತ್ರನಿಗೆ ಹೇಳಿಕಳುಹಿಸಿದರು. ಅಪೊಸ್ತಲನು ಬಂದು ಮೇಲಕ್ಕೆ ಏರಿದಾಗ ಅವನನ್ನು ಸುತ್ತಿಕೊಂಡು ನಿಂತವರು ಯಾರು? ಊರಿನ ಅಧಿಕಾರಿಗಳಲ್ಲ, ಶಾಸ್ತ್ರಿಗಳಲ್ಲ, ಬಡ ವಿಧವೆಯರು. ಅವರು ಅವಳ ಗುಣಗಳನ್ನು ಕುರಿತು ದೀರ್ಘವಾದ ಮಾತು ಆಡಲಿಲ್ಲ. ಅವಳು ಬದುಕಿದ್ದಾಗ ತಮಗೆ ಹೊಲಿದುಕೊಟ್ಟ ಅಂಗಿಗಳನ್ನೂ ಹೊದಿಕೆಗಳನ್ನೂ ಎತ್ತಿ ತೋರಿಸಿ ಅತ್ತರು. ಅದೇ ಅವರ ಸಾಕ್ಷಿ.

ಒಂದು ಸಭೆಯು ತನ್ನ ಊರಿಗೆ ಮಾಡಿದ ಉಪಕಾರವು ಎಷ್ಟೆಂದು ತಿಳಿಯಬೇಕಾದರೆ ಈ ಕೋಣೆಗೆ ಬರಬೇಕು. ಸಭೆಯ ದಫ್ತರಗಳಲ್ಲಿ ದೀಕ್ಷಾಸ್ನಾನ, ಮದುವೆ, ಶವಸಂಸ್ಕಾರ, ಕಾಣಿಕೆ ಇವುಗಳ ಲೆಕ್ಕವಿರುವದು. ಅದು ಬೇಕಾದದ್ದೇ. ಆದರೆ ನೆರೆಯವರ ಕೈಯಲ್ಲಿ ಏನು ಉಳಿದಿದೆ ಎಂಬದನ್ನು ಆ ದಫ್ತರವು ಹೇಳಲಾರದು. ಅದನ್ನು ನೆರೆಯವರೇ ಹೇಳಬೇಕು.

ಈ ವಿಷಯವನ್ನು ನಿಮ್ಮ ಮುಂದೆ ಇಡುವದಕ್ಕೆ ಒಂದು ಕಾರಣವುಂಟು. ನಮ್ಮ ಹಳ್ಳಿಯ ಸಭೆಗಳಲ್ಲಿ ಒಂದು ಮಾತು ಆಗಾಗ ಕೇಳಬರುತ್ತದೆ: ಮಿಶನ್ ಇದ್ದ ಕಾಲದಲ್ಲಿ ಶಾಲೆಯಿತ್ತು, ಔಷಧವಿತ್ತು, ಕೆಲಸವಿತ್ತು, ಈಗ ನಾವು ಇಪ್ಪತ್ತು ಮನೆಯವರು, ಮಕ್ಕಳು ಬೆಂಗಳೂರು ಸೇರಿದ್ದಾರೆ, ದೇವಾಲಯದ ಮಾಡು ಸೋರುತ್ತದೆ, ನಮ್ಮಿಂದ ಊರಿಗೆ ಏನಾದೀತು ಎಂದು. ಈ ಮಾತು ವಿನಯದಂತೆ ಕಾಣುತ್ತದೆ. ಆದರೆ ಅದರೊಳಗೆ ಎರಡು ಮರೆವುಗಳು ಅಡಗಿವೆ. ದೇವರು ಮಾಡಿಸಿದ್ದನ್ನು ಮರೆಯುವದು ಒಂದು; ಯಾರ ಕೈಯಿಂದ ಮಾಡಿಸಿದನೆಂಬದನ್ನು ಮರೆಯುವದು ಇನ್ನೊಂದು.

ಮೊದಲನೆಯದಾಗಿ, ಉಳಿದಿರುವ ಅಂಗಿಗಳನ್ನು ನೋಡೋಣ.

ದೂರ ಹೋಗದೆ ನಮ್ಮ ಕನ್ನಡ ಜಿಲ್ಲೆಯನ್ನೇ ತೆಗೆದುಕೊಳ್ಳೋಣ. 1834ರಲ್ಲಿ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಬಾಸೆಲ್ ಮಿಶನಿನವರು ಮಂಗಳೂರಿಗೆ ಬಂದರು. ಅವರ ಬೋಧನೆಯನ್ನು ಕೇಳಿ ಕ್ರಿಸ್ತನನ್ನು ಹಿಂಬಾಲಿಸಿದವರಲ್ಲಿ ಅನೇಕರು ಬಂಧುಬಳಗವನ್ನೂ ಒಕ್ಕಲುತನವನ್ನೂ ಕುಲಕಸಬನ್ನೂ ಕಳಕೊಂಡರು. ಅವರಿಗೆ ಅನ್ನದ ದಾರಿಯಾಗಬೇಕೆಂದು ನೇಯಿಗೆ, ಮುದ್ರಣ, ಹಂಚಿನ ಕೆಲಸ ಮೊದಲಾದವುಗಳು ಹುಟ್ಟಿದವು. ಸಭೆಯು ತನ್ನ ಬಡವರಿಗಾಗಿ ಆರಂಭಿಸಿದ್ದು ಊರಿಗೆಲ್ಲಾ ಒದಗಿತು. ಇದು ದೇವರ ಆಶ್ಚರ್ಯವಾದ ರೀತಿ.

ಹಂಚನ್ನೇ ನೋಡಿರಿ. ಮುಂಚೆ ನಮ್ಮ ಜಿಲ್ಲೆಯ ಸಾಮಾನ್ಯರ ಮನೆಗಳಿಗೆ ಮುಳಿಹುಲ್ಲಿನ ಮಾಡು. ಮಳೆಗಾಲಕ್ಕೆ ಮುಂಚೆ ಅದನ್ನು ತಿರಿಗಿ ಹೊದಿಸಬೇಕು. ಒಲೆಯ ಕಿಡಿಯೊಂದು ಹಾರಿದರೆ ಮನೆಯೇ ಹೋಗುವದು. 1865ರಲ್ಲಿ ಪ್ಲೆಬ್ಸ್ಟ್ ಎಂಬವರು ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆಯನ್ನು ತೆರೆದರು. ಹೊಳೆಯ ದಂಡೆಯ ಜೇಡಿಮಣ್ಣನ್ನು ಹದಮಾಡಿ, ಯಂತ್ರದಲ್ಲಿ ಒತ್ತಿ, ಒಣಗಿಸಿ, ಗೂಡಿನಲ್ಲಿ ಸುಟ್ಟು ತೆಗೆದ ಆ ಕೆಂಪು ಹಂಚುಗಳು ಒಂದರ ಅಂಚಿಗೆ ಇನ್ನೊಂದು ಸೇರಿ ಕೂತು ನೀರನ್ನು ಜಾರಿಸಿಬಿಡುತ್ತಿದ್ದವು. ಊರಿನ ಅನ್ಯರೂ ಅದನ್ನು ನೋಡಿ ಕಲಿತು ಕಾರ್ಖಾನೆಗಳನ್ನು ಕಟ್ಟಿದರು; ಮಂಗಳೂರು ಹಂಚು ಎಂಬ ಹೆಸರು ಕಡಲಾಚೆಗೂ ಹೋಯಿತು. ಆ ಹಂಚು ದೇವಾಲಯವನ್ನು ಹೊದಿಸಿತು. ಗುಡಿಯನ್ನೂ ಮಸೀದಿಯನ್ನೂ ಶಾಲೆಯನ್ನೂ ಒಕ್ಕಲಿಗನ ಮನೆಯನ್ನೂ ಹೊದಿಸಿತು. ಕೆಳಗೆ ಮಲಗಿದವನು ಯಾವ ದೇವರಿಗೆ ಕೈಮುಗಿಯುವವನು ಎಂದು ಹಂಚು ಕೇಳಲಿಲ್ಲ. ನೀತಿವಂತರ ಮೇಲೆಯೂ ಅನೀತಿವಂತರ ಮೇಲೆಯೂ ಮಳೆ ಸುರಿಸುವ ತಂದೆಯನ್ನು ಕುರಿತು ಕರ್ತನು ಬೋಧಿಸಿದನಷ್ಟೆ. ಆ ಮಳೆಯಿಂದ ಎಲ್ಲರನ್ನೂ ಕಾಯುವ ಮಾಡನ್ನು ಕೊಡುವದು ಆ ತಂದೆಯ ಮಕ್ಕಳಿಗೆ ತಕ್ಕ ಕೆಲಸವಲ್ಲವೇ?

ಅಕ್ಷರದ ಉಪಕಾರವೂ ಹಾಗೆಯೇ. 1843ನೆಯ ಜುಲೈ 1ರಂದು ಮೊಗ್ಲಿಂಗರು ಮಂಗಳೂರು ಸಮಾಚಾರವನ್ನು ಹೊರಡಿಸಿದರು. ಅದು ಕನ್ನಡದ ಮೊದಲನೆಯ ವೃತ್ತಾಂತಪತ್ರಿಕೆ. ಆ ದಿನವನ್ನು ನಮ್ಮ ನಾಡಿನವರು ಇಂದಿಗೂ ಪತ್ರಿಕಾ ದಿನವೆಂದು ಆಚರಿಸುತ್ತಾರೆ. ಕಿಟೆಲರು ಬಹು ವರುಷ ದುಡಿದ ಕನ್ನಡ ನಿಘಂಟು 1894ರಲ್ಲಿ ಮಂಗಳೂರಿನಿಂದ ಹೊರಬಂತು. ಕನ್ನಡವನ್ನು ಪ್ರೀತಿಸುವ ಯಾವ ಮತದವರಾದರೂ ಅದನ್ನು ಗೌರವದಿಂದ ತೆರೆಯುತ್ತಾರೆ. ಅದಲ್ಲದೆ ಮೊಗ್ಲಿಂಗರು ಅಚ್ಚುಹಾಕಿಸಿದ ಗ್ರಂಥಗಳಲ್ಲಿ ಬಸವಪುರಾಣವೂ ಜೈಮಿನಿಭಾರತವೂ ದಾಸರ ಪದಗಳೂ ಇದ್ದವೆಂಬದನ್ನು ನಾವು ನೆನಸಬೇಕು. ನೆರೆಯವನಿಗೆ ಪ್ರಿಯವಾದದ್ದನ್ನು ಜೋಪಾನಮಾಡಿಕೊಡುವದೂ ನೆರೆಯವನನ್ನು ಪ್ರೀತಿಸುವ ಒಂದು ವಿಧವೇ.

ರೋಗಿಗಳ ಸೇವೆಯನ್ನು ಹೇಳಬೇಕಾದರೆ ಮೈಸೂರು ಸೀಮೆಗೆ ಹೋಗೋಣ. ಪರಪುರುಷರಾದ ವೈದ್ಯರ ಮುಂದೆ ಬರಲು ಹೆಂಗಸರು ಅಂಜುತ್ತಿದ್ದ ಕಾಲದಲ್ಲಿ, 1906ರಲ್ಲಿ, ವೆಸ್ಲಿಯನ್ ಮಿಶನಿನವರು ಮೈಸೂರಲ್ಲಿ ಹೋಲ್ಡ್ಸ್‌ವರ್ತ್ ಆಸ್ಪತ್ರೆಯನ್ನು ತೆರೆದರು. ಆ ಉದ್ದವಾದ ಹೆಸರು ಊರವರ ಬಾಯಲ್ಲಿ ನಿಲ್ಲಲಿಲ್ಲ. ಅವರು ಅದನ್ನು ಮಿಶನ್ ಆಸ್ಪತ್ರೆ ಎಂದೇ ಕರೆದರು. ನೆರೆಯವರು ತಾವಾಗಿ ಇಟ್ಟ ಹೆಸರಿಗಿಂತ ದೊಡ್ಡ ಬಿರುದು ಬೇಕೇ?

ಎರಡನೆಯದಾಗಿ, ಈ ಅಂಗಿಗಳನ್ನು ಹೊಲಿದ ಕೈಗಳು ಯಾರವು ಎಂದು ಕೇಳೋಣ.

ಇದೆಲ್ಲವೂ ಪರದೇಶದವರ ಕೆಲಸವೆಂದು ಹೇಳುವವರುಂಟು. ಅವರ ಹೆಸರುಗಳು ಕಲ್ಲಿನಲ್ಲಿ ಕೆತ್ತಲ್ಪಟ್ಟಿವೆ; ಅವರಿಗೆ ಸಲ್ಲತಕ್ಕ ಮಾನವನ್ನು ನಾವು ಕಡಿಮೆ ಮಾಡುವದಿಲ್ಲ. ಆದರೆ ಜೇಡಿಮಣ್ಣನ್ನು ತುಳಿದವರು ಯಾರು? ಸೀಸದ ಅಕ್ಷರಗಳನ್ನು ಒಂದೊಂದಾಗಿ ಜೋಡಿಸಿದವರು ಯಾರು? ಹಳ್ಳಿಯ ಶಾಲೆಯ ಜಗಲಿಯಲ್ಲಿ ಮಕ್ಕಳಿಗೆ ಮರಳಿನ ಮೇಲೆ ಬೆರಳು ಹಿಡಿದು ತಿದ್ದಿಸಿದ ಉಪದೇಶಿ ಯಾರು? ಮನೆಯಿಂದ ಮನೆಗೆ ನಡೆದು, ಹೊರಗೆ ಬಾರದ ಹೆಂಗಸರಿಗೆ ಓದು ಕಲಿಸಿದ ಅಮ್ಮಂದಿರು ಯಾರು? ರಾತ್ರಿ ದೀಪ ಹಿಡಿದು ರೋಗಿಯ ಮಂಚದ ಬಳಿ ಎಚ್ಚರವಾಗಿದ್ದವರು ಯಾರು? ನಮ್ಮ ಊರವರು, ನಮ್ಮ ಅಜ್ಜಂದಿರು ಅಜ್ಜಿಯಂದಿರು.

ಇದು ಸತ್ಯವೋ ಅಲ್ಲವೋ ಎಂಬದು ಒಂದು ಕಾಲದಲ್ಲಿ ಪರೀಕ್ಷಿಸಲ್ಪಟ್ಟಿತು. 1914ರಲ್ಲಿ ಮಹಾಯುದ್ಧವು ಆರಂಭವಾದ ಮೇಲೆ ಬಾಸೆಲ್ ಮಿಶನಿನ ಜರ್ಮನ್ ಬೋಧಕರನ್ನು ಸರಕಾರದವರು ಬಂಧನದಲ್ಲಿಟ್ಟು ಕಡೆಗೆ ಈ ದೇಶದಿಂದ ಕಳುಹಿಸಿಬಿಟ್ಟರು. 1919ರಲ್ಲಿ ಮಿಶನಿನ ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಬೇರೊಂದು ಸಂಘದ ವಶವಾದವು. ಕೈಹಿಡಿದು ನಡಿಸಿದವರೂ ಹೋದರು, ಆಸರೆಯಾಗಿದ್ದ ಸ್ವತ್ತೂ ಹೋಯಿತು. ಆಗ ಸಭೆಗಳು ಚದರಿಹೋದವೋ? ಇಲ್ಲ. ದೇಶೀಯ ಬೋಧಕರೂ ಹಿರಿಯರೂ ಹಿಂಡನ್ನು ಕಾದರು. ಇತರ ಮಿಶನುಗಳ ಸಹೋದರರೂ ಹೆಗಲು ಕೊಟ್ಟರು. ಆದಿತ್ಯವಾರದ ಗಂಟೆ ನಿಲ್ಲಲಿಲ್ಲ. 1947ರ ಸೆಪ್ಟೆಂಬರ್ 27ರಂದು ಮದ್ರಾಸಿನಲ್ಲಿ ದಕ್ಷಿಣ ಭಾರತ ಸಭೆಯು ಸ್ಥಾಪಿತವಾದಾಗ, ಬೇರೆ ಬೇರೆ ಮಿಶನುಗಳ ಮಕ್ಕಳು ಒಂದೇ ಮನೆಯವರಾದರು. ಹೀಗೆ ಮಿಶನ್ ಬಂದದ್ದು ಸಭೆ ಉಳಿಯಲಿಕ್ಕಾಗಿ. ಹಾಗಾದರೆ ಮಿಶನಿನ ಕಾಲ ಮುಗಿಯಿತೆಂದು ಸಭೆಯು ಕೈಕಟ್ಟಿ ಕೂಡ್ರುವದು ಹೇಗೆ?

ಮೂರನೆಯದಾಗಿ, ಉಪಕಾರವನ್ನು ಯಾವ ಮನಸ್ಸಿನಿಂದ ಮಾಡಬೇಕು?

ಇಲ್ಲಿ ಎರಡು ಕಡೆಗಳಲ್ಲಿ ಜಾರುವ ದಾರಿಯುಂಟು. ಒಂದು ಹೆಮ್ಮೆ. ಊರಿಗೆ ನಾವು ಇಷ್ಟು ಮಾಡಿದೆವು, ಊರು ನಮಗೆ ಏನು ಮಾಡಿತು ಎಂದು ಲೆಕ್ಕ ಹಾಕುವವನು ದಾನಿಯಲ್ಲ, ಸಾಲಗಾರನ ಬಾಗಲಲ್ಲಿ ಕೂತ ಸಾಹುಕಾರನು. ಊರು ನಮಗೂ ಕೊಟ್ಟದ್ದುಂಟು. ಕಿಟೆಲರ ನಿಘಂಟಿನ ಶಬ್ದಗಳು ಈ ನಾಡಿನ ಕವಿಗಳಿಂದಲೂ ಪಂಡಿತರಿಂದಲೂ ರೈತರಿಂದಲೂ ಬಂದವುಗಳು. ನಾವು ಪ್ರಾರ್ಥಿಸುವ ಕನ್ನಡವನ್ನು ನಮಗೆ ಕೊಟ್ಟವರು ನಮ್ಮ ನೆರೆಯವರೇ.

ಇನ್ನೊಂದು ಇದಕ್ಕಿಂತ ಕೆಟ್ಟದ್ದು. ಗಾಳದ ತುದಿಗೆ ಎರೆ ಸಿಕ್ಕಿಸುವಂತೆ ಉಪಕಾರ ಮಾಡುವದು. ಕರ್ತನು ಹತ್ತು ಮಂದಿ ಕುಷ್ಠರೋಗಿಗಳನ್ನು ಸ್ವಸ್ಥಮಾಡಿದನೆಂದು ಲೂಕನು ಬರೆದಿದ್ದಾನೆ. ಹಿಂತಿರುಗಿ ಬಂದು ಸ್ತೋತ್ರ ಮಾಡಿದವನು ಒಬ್ಬನೇ, ಅವನೂ ಸಮಾರ್ಯದವನು. ಉಳಿದ ಒಂಬತ್ತು ಮಂದಿ ಎಲ್ಲಿ ಎಂದು ಕರ್ತನು ಕೇಳಿದನು, ಆತನ ಮನಸ್ಸಿಗೆ ನೋವಾಗಿರಬೇಕು. ಆದರೆ ಅವರಿಗೆ ಕೊಟ್ಟ ಆರೋಗ್ಯವನ್ನು ಆತನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಇದೇ ನಮಗೆ ಅಳತೆ. ಹಸಿದವನಿಗೆ ಅನ್ನ ಕೊಡುವದು ಅವನು ಹಸಿದಿದ್ದಾನೆಂಬದಕ್ಕೇ ಆಗಿರಲಿ. ನಮ್ಮ ನಂಬಿಕೆಯನ್ನು ಕೇಳುವವನಿಗೆ ನಾವು ನಾಚದೆ ಹೇಳೋಣ; ಆದರೆ ಅನ್ನದ ಬೆಲೆಯಾಗಿ ಕೇಳಿಸದಿರೋಣ. ಬೆಲೆ ಹಚ್ಚಿದ ಕೃಪೆಯು ಕೃಪೆಯಲ್ಲ.

ಕಡೆಯದಾಗಿ, ಈಗ ನಮ್ಮ ಕೈಯಲ್ಲಿ ಏನಿದೆ?

ದೊರ್ಕಳ ಕೈಯಲ್ಲಿ ಕಾರ್ಖಾನೆಯಿರಲಿಲ್ಲ, ಆಸ್ಪತ್ರೆಯಿರಲಿಲ್ಲ, ಸೂಜಿನೂಲು ಇತ್ತು. ಇಪ್ಪತ್ತು ಮನೆಯ ಸಭೆಗೆ ಸೂಜಿನೂಲು ಇಲ್ಲವೇ? ಅಡಿಗೆಗೆ ಅಕ್ಕಿ ಅಳೆಯುವಾಗ ಒಂದು ಹಿಡಿ ತೆಗೆದು ಬೇರೆ ಇಡುವ ತಾಯಂದಿರು ನಮ್ಮಲ್ಲಿ ಇನ್ನೂ ಇದ್ದಾರೆ. ಆ ಹಿಡಿಯಕ್ಕಿಯಲ್ಲಿ ಸ್ವಲ್ಪ ಪಾಲು ಗೋಡೆಯಾಚೆಯ ಮುದುಕಿಗೆ ಹೋಗಲಿ. ಮಕ್ಕಳು ದೂರದ ಪಟ್ಟಣಕ್ಕೆ ಹೋದದ್ದರಿಂದ ಒಂಟಿಯಾದ ವೃದ್ಧರು ಎಲ್ಲಾ ಮತದವರಲ್ಲಿಯೂ ಇದ್ದಾರೆ. ಅವರನ್ನು ಸರಕಾರಿ ಆಸ್ಪತ್ರೆಗೆ ಕರಕೊಂಡು ಹೋಗಿ ಬರುವದಕ್ಕೆ ಹಣ ಬೇಡ, ಒಂದು ದಿನ ಬೇಕು. ಸಂಜೆಯ ಹೊತ್ತು ಬೀಗ ಹಾಕಿರುವ ದೇವಾಲಯದ ಜಗಲಿಯಲ್ಲಿ ದೀಪ ಹಚ್ಚಿದರೆ ನೆರೆಯ ಮಕ್ಕಳು ಕೂತು ಪಾಠ ಓದಿಕೊಳ್ಳಬಹುದು. ಗುರುತು ಪರಿಚಯವಿಲ್ಲದೆ ಸತ್ತ ಕೂಲಿಯವನ ಹೆಣಕ್ಕೆ ಹೆಗಲು ಕೊಡುವವರು ನಾವಾಗಬಹುದು.

ಇನ್ನೂ ಒಂದು ಉಪಕಾರವನ್ನು ಸಭೆಯೇ ಊರಿಗೆ ತೋರಿಸಬೇಕು. 1844ರಲ್ಲಿ ಮಂಗಳೂರಿನಲ್ಲಿ ದೀಕ್ಷಾಸ್ನಾನ ಹೊಂದಿದ ಹೆರ್ಮನ್ ಆನಂದರಾವ್ ಕೌಂಡಿನ್ಯರು ಬ್ರಾಹ್ಮಣ ಕುಲದಲ್ಲಿ ಹುಟ್ಟಿದವರು. ಅವರು ಬಿಲ್ಲವ ಕುಲದಿಂದ ಬಂದ ವಿಶ್ವಾಸಿಗಳೊಂದಿಗೆ ಒಂದೇ ಸಭೆಯವರಾದರು. ಆ ಕಾಲದ ಊರಿಗೆ ಇದು ಹಂಚಿಗಿಂತಲೂ ಹೊಸದಾದ ಸಂಗತಿ. ಈಗ ನಮ್ಮ ಮಕ್ಕಳ ಮದುವೆಯ ಮಾತು ಬರುವಾಗ, ಪೂರ್ವಿಕರ ಕುಲ ಯಾವದೆಂದು ಮೆಲ್ಲಗೆ ವಿಚಾರಿಸುವ ಮನೆಗಳು ಇದ್ದರೆ, ಆ ಮನೆಗಳು ಅಜ್ಜಂದಿರು ಹೊಲಿದ ಅಂಗಿಯನ್ನು ಹರಿಯುತ್ತಿವೆ. ಸಭೆಯೊಳಗೆ ಎರಡು ಪಂಕ್ತಿಯಿದ್ದರೆ ಊರಿಗೆ ನಾವು ಒಂದು ಪಂಕ್ತಿಯ ಮಾತು ಹೇಳುವದು ಹೇಗೆ? ಹಿರಿಯರ ಸ್ಥಾನಕ್ಕಾಗಿ ಕಚೇರಿಯ ಮೆಟ್ಟಲು ಹತ್ತುವ ಸಭೆಯನ್ನು ನೋಡಿ ನೆರೆಯವರು ಯಾವ ಅಂಗಿಯನ್ನು ಎತ್ತಿ ತೋರಿಸಾರು?

ಆದಕಾರಣ ಪ್ರಿಯರೇ, ಸುಗ್ಗಿಯ ಕಾಲದ ಸ್ತೋತ್ರಾರಾಧನೆಗೆ ನೀವು ಬೆಳೆಯನ್ನು ತರುವಾಗ ಇನ್ನೊಂದನ್ನೂ ತನ್ನಿರಿ. ನಿಮ್ಮ ಸಭೆಯಿಂದ ಊರಿಗೆ ಆದ ಒಂದು ಒಳ್ಳೇದನ್ನು ಹಿರಿಯರಿಂದ ಕೇಳಿ ತಿಳುಕೊಂಡು, ಅದನ್ನು ನಿಮ್ಮ ಮಕ್ಕಳಿಗೆ ಹೇಳಿ, ಅದಕ್ಕಾಗಿ ದೇವರನ್ನು ಕೊಂಡಾಡಿರಿ. ಹಳೇ ಉಪದೇಶಿಯ ಹೆಸರು, ಬಾವಿ ತೋಡಿಸಿದವರ ಹೆಸರು, ಸೂಲಗಿತ್ತಿಯಾಗಿ ಊರೆಲ್ಲಾ ತಿರುಗಿದ ಅಜ್ಜಿಯ ಹೆಸರು ಪ್ರಾರ್ಥನೆಯಲ್ಲಿ ಕೇಳಿಬರಲಿ. ಕೃತಜ್ಞತೆಯಿಲ್ಲದ ಸಭೆಯು ಬಡವಾಗುವದು. ಕೃತಜ್ಞತೆಯುಳ್ಳ ಸಭೆಗೆ ತನ್ನ ಕೆಲಸ ಯಾವದೆಂದು ತಾನಾಗಿ ಗೊತ್ತಾಗುವದು.

ಪೇತ್ರನು ಮೊಣಕಾಲೂರಿ ಪ್ರಾರ್ಥಿಸಲು ಕರ್ತನು ದೊರ್ಕಳನ್ನು ಎಬ್ಬಿಸಿದನು. ಅಪೊಸ್ತಲನು ಅವಳನ್ನು ವಿಶ್ವಾಸಿಗಳಿಗೂ ಆ ವಿಧವೆಯರಿಗೂ ಒಪ್ಪಿಸಿಕೊಟ್ಟನು. ವಿಶ್ರಾಂತಿಗೆ ಸೇರಿದವಳನ್ನು ತಿರಿಗಿ ಈ ಲೋಕಕ್ಕೆ ಯಾಕೆ ಕರೆದನು? ಬಟ್ಟೆಯಿಲ್ಲದವರು ಯೊಪ್ಪದಲ್ಲಿ ಇನ್ನೂ ಇದ್ದರು. ನಿದ್ರೆಯಲ್ಲಿರುವ ನಮ್ಮ ಸಭೆಗಳನ್ನೂ ಕರ್ತನು ಎಬ್ಬಿಸಿ, ನಮ್ಮನ್ನು ನಮ್ಮ ನೆರೆಯವರಿಗೆ ಒಪ್ಪಿಸಿಕೊಡಲಿ. ಆಮೆನ್.